ನಿಂಬೆಹಣ್ಣು ಸಾರಿಗಿರಲಿ, ಹಲ್ಲಿಗೆ ಬೇಡ

ನಮ್ಮ ಪಾವಗಡದ ಕಡೆ ಬಹಳ ಜನರ ಹಲ್ಲಿನ ಮೇಲೆ ಕಂದು ಪಟ್ಟೆ ಇರುತ್ತದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಮಾಡಿದ ಕೆಲಸ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೂತ ಕಲೆ, ಉಜ್ಜಿದರೆ ಹೋಗುತ್ತಾ?

ಆದ್ರೂ ನಮ್ಮ ಚಿಕ್ಕಪ್ಪನ ಮಗಳು ರೀಲ್ಸ್ ನೋಡಿ, ದಿನಾ ನಿಂಬೆ ಹೋಳನ್ನು ಅಡುಗೆ ಸೋಡಾಕ್ಕೆ ಒತ್ತಿ ಹಲ್ಲಿಗೆ ಗಸಗಸ ತಿಕ್ಕುತ್ತಾಳೆ. "ಜುಮ್ ಅಂತಿದೆ ಅಣ್ಣ, ಕೆಲಸ ಮಾಡ್ತಿದೆ" ಅಂತಾಳೆ. ಅಯ್ಯೋ ತಾಯಿ, ಅದು ಎನಾಮಲ್, ಅಂದ್ರೆ ಹಲ್ಲಿನ ಮೇಲಿನ ಗಟ್ಟಿ ಪದರ, ಸವೆಯುತ್ತಿರೋದು! ಹುಳಿ ಅದನ್ನು ಮೆತ್ತಗೆ ಮಾಡುತ್ತದೆ, ತಿಕ್ಕಿದಾಗ ಕಿತ್ತು ಬರುತ್ತದೆ. ಹೋದದ್ದು ಮತ್ತೆ ಬೆಳೆಯಲ್ಲ. ಕೆಳಗಿನ ಪದರವೇ ಹಳದಿ, ತಿಕ್ಕಿದಷ್ಟೂ ಹಲ್ಲು ಇನ್ನೂ ಹಳದಿ.

ಈಗ ಅವಳಿಗೆ ತಣ್ಣೀರು ಕುಡಿಯೋಕೂ ಆಗಲ್ಲ. ಹಲ್ಲಿನ ಡಾಕ್ಟರ್‌ಗೆ ತೋರಿಸು ಅಂದ್ರೆ ದುಡ್ಡು ಜಾಸ್ತಿಯಂತೆ. ತಿಂಗಳು ತಿಂಗಳು ಸೆನ್ಸಿಟಿವ್ ಪೇಸ್ಟ್‌ಗೆ ಸುರಿಯೋದು ದುಡ್ಡಲ್ವಾ?