ಹದಿಮೂರು ತಿಂಗಳ ಪಂಚಾಂಗ

ಸೂರ್ಯಚಂದ್ರರ ಲೆಕ್ಕವನ್ನು ಸರಿದೂಗಿಸಲು ನಮ್ಮ ಹಿರಿಯರಿಗೆ ಸುಮಾರು ಎರಡೂಮುಕ್ಕಾಲು ವರ್ಷಕ್ಕೊಂದು ಅಧಿಕ ಮಾಸ ಸಾಕಾಗಿತ್ತು. ಮೊಬೈಲ್ ಕಂಪನಿಗಳ ಜೋಯಿಸರು ಉದಾರಿಗಳು, ವರ್ಷ ವರ್ಷವೂ ಒಂದನ್ನು ದಯಪಾಲಿಸುತ್ತಾರೆ. ಅವರ ತಿಂಗಳಿಗೆ 28 ದಿನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಬರಲು ಸಾಕ್ಷಾತ್ ಚಂದ್ರನಿಗೇ ಇಪ್ಪತ್ತೊಂಬತ್ತೂವರೆ ದಿನ ಹಿಡಿಯುತ್ತದೆ. ಪಾಪ, ಅವನಿಗೆ ಮಾರಾಟ ವಿಭಾಗವಿಲ್ಲ. ಈ ಪಂಚಾಂಗದಂತೆ ಹದಿಮೂರು ಸಲ ರೀಚಾರ್ಜ್ ಮಾಡಿಸಿದರೆ 364 ದಿನವಾಗುತ್ತದೆ. ಉಳಿದ ಒಂದು ದಿನ ಮೌನವ್ರತ.

2024ರ ಜೂನ್ ಕೊನೆಯಲ್ಲಿ ಗ್ರಹಗತಿ ಇನ್ನಷ್ಟು ಬಿಗಡಾಯಿಸಿತು. 27ರಂದು ಜಿಯೋ ದರ ಏರಿಕೆಯನ್ನು ಘೋಷಿಸಿತು. ಮರುದಿನ ಏರ್‌ಟೆಲ್, ಅದರ ಬೆನ್ನಿಗೇ ವೊಡಾಫೋನ್ ಐಡಿಯಾ. ಜುಲೈ 3 ಮತ್ತು 4ರೊಳಗೆ ಮೂರೂ ಜಾರಿಯಾದವು. ಇದನ್ನು ಅರ್ಥಶಾಸ್ತ್ರದಲ್ಲಿ ಸ್ಪರ್ಧೆ ಎನ್ನುತ್ತಾರಂತೆ. ಏರ್‌ಟೆಲ್‌ನ 28 ದಿನಗಳ ಒಂದು ಯೋಜನೆ 179 ರೂಪಾಯಿಯಿಂದ 199ಕ್ಕೆ ಏರಿತು. ವೊಡಾಫೋನ್ ಐಡಿಯಾ ಸ್ವತಂತ್ರವಾಗಿ, ದೀರ್ಘವಾಗಿ ಚಿಂತನೆ ನಡೆಸಿ, ತನ್ನ 179ನ್ನು 199 ಮಾಡಿತು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋದ 239ರ ಯೋಜನೆ 299 ಆಯಿತು. ಹದಿಮೂರರಿಂದ ಗುಣಿಸಿ ನೋಡಿ, ವರ್ಷಕ್ಕೆ 780 ರೂಪಾಯಿ ಹೆಚ್ಚು. ಹನ್ನೆರಡರಿಂದ ಗುಣಿಸಿದವರು ಇನ್ನೂ ಹಳೆಯ ಪಂಚಾಂಗದಲ್ಲೇ ಇದ್ದಾರೆ.

ಅದೇ ದರಪಟ್ಟಿಯಲ್ಲಿ ‘ವಾರ್ಷಿಕ’ ಎಂಬ ಸಾಲಿನಲ್ಲಿ ಠೀವಿಯಿಂದ ಕುಳಿತಿದ್ದ ಯೋಜನೆಯೊಂದರ ಆಯುಸ್ಸು 336 ದಿನ. ಬೆಲೆ ಮಾತ್ರ 1559ರಿಂದ 1899ಕ್ಕೆ ಬೆಳೆದಿತ್ತು. ಯುಗಾದಿಯಂದು ಹಾಕಿಸಿದರೆ ಹೋಳಿ ಹುಣ್ಣಿಮೆ ಬರುವ ಮೊದಲೇ ವರ್ಷ ತೀರಿಹೋಗಿರುತ್ತದೆ. ಕಾಲ ಎಷ್ಟು ಬೇಗ ಓಡುತ್ತಿದೆ ಎಂದು ನಿಟ್ಟುಸಿರು ಬಿಡುವವರು ಒಮ್ಮೆ ತಮ್ಮ ರೀಚಾರ್ಜ್ ರಸೀದಿ ನೋಡಿಕೊಳ್ಳಬೇಕು.

ಯಾಕೆ ಏರಿಸಿದಿರಿ ಎಂದು ಕೇಳುವ ಹಾಗಿಲ್ಲ, ಉತ್ತರ ಮೊದಲೇ ಸಿದ್ಧವಿದೆ. ವ್ಯವಹಾರ ಆರ್ಥಿಕವಾಗಿ ಆರೋಗ್ಯವಾಗಿರಬೇಕಾದರೆ ಒಬ್ಬೊಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ 300 ರೂಪಾಯಿಗೂ ಹೆಚ್ಚು ಬರಬೇಕು ಎಂದು ಏರ್‌ಟೆಲ್ ಸಾರಿ ಹೇಳಿದೆ. ಅಧಿಕ ಮಾಸದಲ್ಲಿ ಅಳಿಯನಿಗೆ 33 ಅಪೂಪ, ಅಂದರೆ ಸಿಹಿ ಕಜ್ಜಾಯ, ದಾನ ಕೊಡುವ ಪದ್ಧತಿ ನಮ್ಮಲ್ಲಿದೆ. ಜಾತಕದ ಹತ್ತನೆಯ ಗ್ರಹವೆನಿಸಿಕೊಂಡ ಆ ಅಳಿಯನೂ 33ಕ್ಕೆ ತೃಪ್ತನಾಗಿ ಏಳುತ್ತಾನೆ. ಈ ಅಳಿಯಂದಿರಿಗೆ ಆರೋಗ್ಯದ ದೃಷ್ಟಿಯಿಂದ 300 ಬೇಕು, ಅದೂ ಪ್ರತಿ ತಿಂಗಳು.

ಸರ್ಕಾರವನ್ನು ಕೇಳಿದರೆ ದರ ನಿರ್ಧರಿಸುವುದು ಮಾರುಕಟ್ಟೆ, ನಮ್ಮದೇನಿದ್ದರೂ ಅದರಲ್ಲಿ ತಲೆಹಾಕದ ಸಂಯಮ ಎನ್ನುತ್ತದೆ. ಜೊತೆಗೆ ಅಮೆರಿಕದವರು ನಮಗಿಂತ ಎಷ್ಟು ಹೆಚ್ಚು ಕೊಡುತ್ತಾರೆ ಎಂಬ ಸಮಾಧಾನ. ಅಲ್ಲಿನವರ ಸಂಬಳದ ಅಂಕಿ ಆ ಪಟ್ಟಿಯಲ್ಲಿ ಕಾಣುವುದಿಲ್ಲ, ಬಹುಶಃ ಜಾಗ ಸಾಲದೆ ಬಿಟ್ಟಿರಬೇಕು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸುಮ್ಮನೆ ಕೂತಿಲ್ಲ ಎಂಬುದನ್ನು ಒಪ್ಪಬೇಕು. 30 ದಿನ ನಡೆಯುವ ಯೋಜನೆ ಕನಿಷ್ಠ ಒಂದಾದರೂ ಇರಲಿ ಎಂದು 2022ರಲ್ಲಿ ಆದೇಶಿಸಿತು. ಕಂಪನಿಗಳು ‘ಕನಿಷ್ಠ’ವನ್ನು ಶಿರಸಾವಹಿಸಿ ಪಾಲಿಸಿದವು. ಆ ಮೂವತ್ತರ ಯೋಜನೆಯನ್ನು ಆ್ಯಪ್‌ನೊಳಗೆ ಪತ್ತೆಹಚ್ಚಿದವರಿಗೆ ಪುರಾತತ್ವ ಇಲಾಖೆಯಲ್ಲಿ ನೇರ ನೇಮಕಾತಿ ಕೊಡಬಹುದು. 2024ರ ಡಿಸೆಂಬರ್‌ನಲ್ಲಿ ಮತ್ತೊಂದು ಆದೇಶ ಬಂತು: ಇಂಟರ್ನೆಟ್ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್‌ನ ಯೋಜನೆ ಕೊಡಿ. ಒತ್ತುವ ಗುಂಡಿಗಳ ಫೋನ್ ಹಿಡಿದು, ಮಗಳ ಕರೆಗಾಗಿ ಕಾಯುವ ಅಜ್ಜಿಯರು ಅಲ್ಲಿಯವರೆಗೆ ಯಾರ ಡೇಟಾಕ್ಕೆ ದುಡ್ಡು ಕಟ್ಟುತ್ತಿದ್ದರೋ! ಆದೇಶದಂತೆ ಹೊಸ ಯೋಜನೆಗಳೂ ಬಂದವು, 84 ದಿನಗಳ ಅವಧಿಯೊಂದಿಗೆ. ಮೂರು ಇಪ್ಪತ್ತೆಂಟಲಿ ಎಂಬತ್ತನಾಲ್ಕು.

ಸಂಬಳ ಕೊಡುವವರಿಗೆ ಈ ಪಂಚಾಂಗ ಇನ್ನೂ ತಲುಪಿಲ್ಲ. ಅವರು ಹನ್ನೆರಡು ತಿಂಗಳ ಕಂದಾಚಾರಕ್ಕೇ ಅಂಟಿಕೊಂಡಿದ್ದಾರೆ. ನನ್ನ ಭಯವಿರುವುದು ಬೆಂಗಳೂರಿನ ಮನೆ ಮಾಲೀಕರ ಬಗ್ಗೆ. ಕರಾರು ಮುಗಿದ ಕೂಡಲೇ ಬಾಡಿಗೆ ಏರಿಸುವ ಅವರು ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತರೆ, ಹನ್ನೊಂದು ತಿಂಗಳ ಕರಾರು 308ನೆಯ ದಿನಕ್ಕೇ ಮುಗಿಯುತ್ತದೆ ಎಂಬುದು ಅವರಿಗೂ ಹೊಳೆದೀತು.