ಟೇಬಲ್ಲು ಅಂದ್ರೆ ಎಷ್ಟೆತ್ತರ ಇರುತ್ತೆ?

ಕೇಪ್‌ಟೌನಿಗೆ ಹೋದವರು ಟೇಬಲ್ ಮೌಂಟನ್ ಹತ್ತದೆ ಬರಬಾರದಂತೆ. "ಟೇಬಲ್ ತಾನೇ, ಹತ್ತಿದ್ರಾಯ್ತು" ಎಂದರು ನಮ್ಮ ಯಜಮಾನರು. ಆ ಟೇಬಲ್ಲಿನ ಎತ್ತರ 1,086 ಮೀಟರ್. ಕೇಬಲ್ ಕಾರಿನಲ್ಲಿ ಐದೇ ನಿಮಿಷದ ದಾರಿ. ಆದರೆ ಹತ್ತೋದು ಕಾಲಲ್ಲಿ, ಇಳಿಯೋದು ಕೇಬಲ್ ಕಾರಲ್ಲಿ ಅಂತ ಪ್ಲಾನ್ ಹಾಕಿದವಳು ನಾನು. ಅರ್ಧ ದುಡ್ಡು ಉಳಿಯುತ್ತಲ್ಲ! ಇದನ್ನು ಅವರು ಇವತ್ತಿಗೂ ಮರೆತಿಲ್ಲ.

ಹಿಡಿದದ್ದು ಪ್ಲಾಟೆಕ್ಲಿಪ್ ಕಣಿವೆಯ ದಾರಿ. 1503ರಲ್ಲಿ ಪೋರ್ಚುಗೀಸ್ ನಾವಿಕ ಸಲ್ಡಾನಾ ಈ ಬೆಟ್ಟ ಹತ್ತಿದ್ದ. ಪಾಪ, ಹಡಗು ಎಲ್ಲಿಗೆ ಬಂದಿದೆ ಅಂತ ಗೊತ್ತಾಗದೆ ಹತ್ತಿದವನು ಅವನು. ನಮಗೆ ಆ ನೆಪವೂ ಇರಲಿಲ್ಲ. ಪ್ಲಾಟೆಕ್ಲಿಪ್ ಅಂದ್ರೆ ಚಪ್ಪಟೆ ಕಲ್ಲು ಅಂತ ಅರ್ಥವಂತೆ. ನಮಗೆ ಸಿಕ್ಕಿದ್ದೆಲ್ಲ ಮೊಣಕಾಲೆತ್ತರದ ಮೆಟ್ಟಿಲುಗಳು. ಹತ್ತು ಮೆಟ್ಟಿಲಿಗೊಮ್ಮೆ ನಿಂತು "ಆಹಾ, ಎಂಥಾ ನೋಟ!" ಅನ್ನುತ್ತಿದ್ದೆವು. ಕೆಳಗೆ ಕೇಪ್‌ಟೌನಿನ ಬಂದರು, ಅದರ ಕ್ರೇನುಗಳು, ಕೊಲ್ಲಿಯಲ್ಲಿ ಸರದಿಗೆ ಕಾದು ನಿಂತ ಹಡಗುಗಳು. ನೋಟ ಚೆನ್ನಾಗಿದ್ದದ್ದೇನೋ ನಿಜ. ಆದರೆ ನಿಲ್ಲುತ್ತಿದ್ದದ್ದು ಉಸಿರಿಗೆ.

ಇದ್ದಕ್ಕಿದ್ದಂತೆ "ಢಂ!" ಅಂತ ಸದ್ದು. ಇವರು ನೀರಿನ ಬಾಟಲಿ ಬಿಟ್ಟು ನನ್ನ ಕೈ ಹಿಡಿದರು. ಹಿಂದೆ ಬರುತ್ತಿದ್ದ ಏಳೆಂಟು ವರ್ಷದ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಅದು ಸಿಗ್ನಲ್ ಹಿಲ್‌ನ ಮಧ್ಯಾಹ್ನದ ತೋಪು, ಭಾನುವಾರ ಬಿಟ್ಟು ದಿನಾ ಹನ್ನೆರಡಕ್ಕೆ ಹಾರಿಸ್ತಾರೆ, 1806ರಿಂದಲೂ ಹೀಗೇ ಅಂತ ಅವನಪ್ಪ ಸಮಾಧಾನ ಹೇಳಿದರು. ಇವರು ಗಂಭೀರವಾಗಿ ವಾಚ್ ಸರಿಮಾಡಿಕೊಂಡರು.

ಇನ್ನರ್ಧ ಗಂಟೆ ಕಳೆದಿರಬೇಕು, ಮೇಲಿನಿಂದ "ಊಂ…" ಅಂತ ಉದ್ದನೆಯ ಸದ್ದು ಬಂತು. ಒಮ್ಮೆ ಬೆಚ್ಚಿ ಮಾನ ಕಳೆದುಕೊಂಡವರಲ್ವಾ, ಈ ಸಲ ಇವರು ಕದಲಲಿಲ್ಲ.

"ರೀ, ಏನದು?"

"ಹಡಗು ಕಣೇ. ಬಂದರು ಅಂದ್ಮೇಲೆ ಹಡಗು ಕೂಗಲ್ವಾ? ಸುಮ್ನೆ ನಡಿ."

"ಹಡಗು ಬೆಟ್ಟದ ಮೇಲೆ ಯಾಕ್ರೀ ಕೂಗುತ್ತೆ?"

"ಅದು ಪ್ರತಿಧ್ವನಿ."

ತುದಿ ಮುಟ್ಟಿದಾಗ ಕೇಪ್‌ಟೌನೇ ಇರಲಿಲ್ಲ. ಬಂದರು, ಹಡಗು, ರಾಬೆನ್ ದ್ವೀಪ ಎಲ್ಲದರ ಮೇಲೂ ಬಿಳಿ ಮೋಡ. ಆಗ್ನೇಯದ ಗಾಳಿ ಎದ್ದರೆ ಬೆಟ್ಟ ಹೀಗೆ ಮೋಡ ಹೊದೆಯುತ್ತದೆ, ಊರವರು ಅದಕ್ಕೆ ಟೇಬಲ್‌ಕ್ಲಾತ್ ಅಂತಾರೆ. ಕೆಳಗಿನಿಂದ ಚಂದ ಕಾಣುತ್ತದಂತೆ. ಒಳಗೆ ನಿಂತವರಿಗೆ ಬರೀ ಚಳಿ.

ಕೇಬಲ್ ಕಾರಿನ ನಿಲ್ದಾಣ ಹುಡುಕಿಕೊಂಡು ಹೋದರೆ ಬಾಗಿಲು ಹಾಕಿತ್ತು. ಗಾಳಿ ಜಾಸ್ತಿಯಾದರೆ ಸೈರನ್ ಊದಿ, ಮೇಲಿದ್ದವರನ್ನು ಇಳಿಸಿ ನಿಲ್ಲಿಸಿಬಿಡುತ್ತಾರಂತೆ. ನಾನು ಯಜಮಾನರ ಮುಖ ನೋಡಿದೆ. ಅವರು ಮೋಡ ನೋಡುತ್ತಿದ್ದರು.

"ನಿಮ್ಮ ಹಡಗು ಹೊರಟುಹೋಯ್ತು" ಎಂದೆ.

ಬಿಸ್ಕತ್ತಾದರೂ ತಿನ್ನೋಣ ಅಂತ ಬ್ಯಾಗಿಗೆ ಕೈ ಹಾಕಿದರೆ ಅಲ್ಲೊಂದು ಡ್ಯಾಸಿ ಮೂತಿ ತೂರಿಸಿ ಕೂತಿತ್ತು. ನೋಡಲು ದಪ್ಪ ಹೆಗ್ಗಣ, ಸಂಬಂಧದಲ್ಲಿ ಆನೆಗೆ ಹತ್ತಿರದ ಪ್ರಾಣಿ. ತಿನ್ನೋದರಲ್ಲಿ ಮನೆತನ ಬಿಟ್ಟುಕೊಟ್ಟಿರಲಿಲ್ಲ.

ಅದೇ ಮೆಟ್ಟಿಲುಗಳನ್ನು ಕೂತು, ಎದ್ದು, ತೆವಳಿ ಇಳಿದೆವು. ಮಾರನೇ ದಿನ ಹೋಟೆಲಿನ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕಿಟಕಿಯಾಚೆ ಬೆಟ್ಟ ಒಂದು ಚೂರೂ ಮೋಡವಿಲ್ಲದೆ ಹೊಳೆಯುತ್ತಿತ್ತು. ಕೇಬಲ್ ಕಾರು ಹಾಯಾಗಿ ಇಳಿಯುತ್ತಿತ್ತು.

ಅಷ್ಟರಲ್ಲಿ ಬಂದರಿನ ಕಡೆಯಿಂದ "ಊಂ…" ಅಂತು.

"ಕೇಳಿಸ್ತಾ? ಹಡಗು!" ಎಂದರು ಯಜಮಾನರು, ಎರಡು ಮೆಟ್ಟಿಲು ಮೇಲಿನಿಂದ. ಅವರೂ ಹಿಮ್ಮುಖವಾಗಿಯೇ ಇಳಿಯುತ್ತಿದ್ದರು.