ಕುರಿಗೆ ಕಾಲುಚೀಲ

ಆಚೆ ವರ್ಷ ದೀಪಾವಳಿಗೆ ಕೆನಡಾದಿಂದ ಬಂದ ತಂಗಿಯ ಮಗಳು ನನ್ನ ಕೈಗೆ ಒಂದು ನೂಲಿನ ಉಂಡೆ ಇಟ್ಟಳು. ಮುಟ್ಟಿದರೆ ಬೆಕ್ಕಿನ ಮರಿಯ ಹೊಟ್ಟೆ ಸವರಿದ ಹಾಗಿತ್ತು. ತೀರ್ಥಹಳ್ಳಿಯ ಮಳೆಗಾಲದಲ್ಲಿ ಕರೆಂಟು ಹೋಗಿ ಕೂತಾಗೆಲ್ಲ ಸ್ವೆಟರ್ ಹೆಣೆಯುವವಳು ನಾನು. ಇಂಥ ನೂಲು ಕಂಡವಳಲ್ಲ.

"ಅಲ್ಪಾಕದ್ದು ದೊಡ್ಡಮ್ಮ. ಒಂಟೆ ಜಾತಿ. ಪೆರು ದೇಶದ ಆಂಡಿಸ್ ಬೆಟ್ಟದ ಕಡೆಯದು" ಅಂತ ಫೋಟೊ ತೋರಿಸಿದಳು. ಉದ್ದ ಕುತ್ತಿಗೆ, ಹಣೆ ತುಂಬ ಕೂದಲು. ಕಾಲೇಜಿಗೆ ಹೊರಟ ಹುಡುಗನ ಹಾಗಿತ್ತು. ಅವಳ ಪಕ್ಕದ ಫಾರ್ಮಿನಲ್ಲಿ ಸಾಕುತ್ತಾರಂತೆ. ಒಂದನ್ನೇ ಸಾಕುವ ಹಾಗಿಲ್ಲ, ಜೊತೆ ಬೇಕಂತೆ. ಸಿಟ್ಟು ಬಂದರೆ ಉಗಿಯುತ್ತದಂತೆ. ಎಲ್ಲವೂ ಒಂದೇ ಜಾಗಕ್ಕೆ ಹೋಗಿ ಹಿಕ್ಕೆ ಹಾಕುತ್ತವಂತೆ. ಇದನ್ನು ಕೇಳಿ ನಮ್ಮ ಅತ್ತೆ ಮಗನ ಕಡೆ ತಿರುಗಿ, "ನಿಂಗೆ ಚಪ್ಪಲಿ ಒಂದು ಕಡೆ ಬಿಡೋಕೆ ಬರಲ್ಲ" ಅಂದರು.

ವರ್ಷಕ್ಕೆ ಒಂದೇ ಸಲ, ಬೇಸಿಗೆ ಶುರುವಾಗುವ ಮೊದಲು ಉಣ್ಣೆ ತೆಗೆಯುತ್ತಾರೆ. ಮುಂಗಾಲು ಒಂದು ಕಡೆಗೆ, ಹಿಂಗಾಲು ಒಂದು ಕಡೆಗೆ ಹಗ್ಗ ಕಟ್ಟಿ ಮಲಗಿಸಿ, ಉಗಿಯದ ಹಾಗೆ ಮೂತಿಗೊಂದು ಹಳೇ ಕಾಲುಚೀಲ ಹಾಕಿ ಕತ್ತರಿಸುತ್ತಾರೆ. ಒಂದೊಂದರಿಂದ ಎರಡು ಮೂರು ಕೆಜಿ ಸಿಗುತ್ತದೆ. ಅವಳು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಈ ಕಾಲುಚೀಲ ಮಾತ್ರ.

ಅಲ್ಪಾಕ ನಮಗೆಲ್ಲಿ ಸಿಗಬೇಕು? ಕುರಿ ಸಿಗುತ್ತದಲ್ಲ! ಭದ್ರಾವತಿ ಕಡೆ ನಮ್ಮ ನೆಂಟರ ಗದ್ದೆಯಲ್ಲಿ ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಯವರು ಮಂದೆ ನಿಲ್ಲಿಸಿದ್ದರು. ಅಲ್ಲಿಂದ ಎರಡು ಕುರಿ ತಂದೆವು. ಒಂದು ಕಪ್ಪು, ಒಂದು ಕಂದು. ಗಂಗೆ, ಗೌರಿ ಅಂತ ಹೆಸರೂ ಆಯಿತು. ಕೊಡುವಾಗ ಕುರಿಯವನು, "ಮಲೆನಾಡಿಗಾ ಅಮ್ಮಾರೇ?" ಅಂತ ಎರಡು ಸಲ ಕೇಳಿದ. ಅವತ್ತು ನನಗೆ ಅರ್ಥವಾಗಲಿಲ್ಲ.

ಮೊದಲ ಎಡವಟ್ಟು ಭಾಷೆಯಿಂದಲೇ ಆಯಿತು. ನಮ್ಮ ಕಡೆ ರಕ್ತ ಹೀರುವ ಉಣುಗಿಗೂ ಉಣ್ಣೆ ಅನ್ನುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗಿನಿಂದ ಅದನ್ನು ಹರಡುವ ಈ ಹುಳದ ಹೆಸರು ಕೇಳಿದರೆ ಜನ ಮೈ ಕೊಡವಿಕೊಳ್ಳುತ್ತಾರೆ. ನಾನು ಬಸ್ಸಿನಲ್ಲಿ ಪಕ್ಕದ ಮನೆಯವರಿಗೆ, "ಉಣ್ಣೆಗೋಸ್ಕರನೇ ಕುರಿ ತಂದ್ವಿ" ಅಂದೆ. ಮಾರನೇ ದಿನ ಆಶಾ ಕಾರ್ಯಕರ್ತೆ ಮೈಗೆ ಹಚ್ಚುವ ಎಣ್ಣೆ ಬಾಟಲಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. "ಎಂತಕ್ಕ, ಬೇಕೂಂತ್ಲೇ ಉಣ್ಣೆ ಸಾಕ್ತಿದೀರಂತೆ?"

ಮೇ ಕೊನೆಯಲ್ಲಿ ಕ್ಷೌರದ ದಿನ ಬಂತು. ಇವರು ಗೌರಿಯನ್ನು ಹಿಡಿದುಕೊಂಡರು. ನಾನು ಬಟ್ಟೆ ಕತ್ತರಿ ಹಿಡಿದುಕೊಂಡೆ. ಕುರಿ ಉಗಿಯುವುದಿಲ್ಲ ಅಂತ ಗೊತ್ತಿದ್ದರೂ ಶಾಸ್ತ್ರಕ್ಕೆ ಇರಲಿ ಅಂತ ಇವರ ಮದುವೆ ಮನೆ ಕಾಲುಚೀಲವನ್ನು ಅದರ ಮೂತಿಗೆ ಹಾಕಿದೆ. ಗೌರಿ ಒಂದು ನಿಮಿಷ ಯೋಚಿಸಿತು. ಆಮೇಲೆ ಒಳಗಿಂದಲೇ ಜಗಿಯಲು ಶುರು ಮಾಡಿತು. ಹೆಬ್ಬೆರಳಿನ ಕಡೆಯ ಭಾಗ ಹೊಟ್ಟೆಗೆ ಹೋದ ಮೇಲೆ ಇವರು, "ಅಯ್ಯೋ, ಅದು ಜೊತೆ ಕಣೇ!" ಅಂತ ಎಳೆಯಲು ಹೋದರು. ಹಿಡಿತ ಸಡಿಲವಾಯಿತು. ಬಲಗಡೆ ಪೂರ್ತಿ ಕುರಿ, ಎಡಗಡೆ ಅಡ್ಡಾದಿಡ್ಡಿ ಬೋಳು. ಆ ವೇಷದಲ್ಲೇ ಗೌರಿ ಸಂಕ ದಾಟಿ ತೋಟದೊಳಗೆ ಹಾರಿತು. ದಾರಿಯಲ್ಲಿ ಬರುತ್ತಿದ್ದ ಹಾಲಿನ ಡೇರಿಯ ಹುಡುಗ ಕ್ಯಾನು ಬಿಟ್ಟು ಓಡಿದ. ಸಂಜೆ ಗಂಗೆಯ ಕೂಗು ಕೇಳಿ ತಾನಾಗಿಯೇ ವಾಪಸ್ ಬಂತು, ತುಟಿಯಲ್ಲಿ ಇನ್ನೂ ಒಂದು ಎಳೆ ನೇತಾಡುತ್ತಿತ್ತು.

ಅಂತೂ ಮೂರು ದಿನದಲ್ಲಿ ಎರಡೂ ಬೋಳಾದವು. ತೂಗಿ ನೋಡಿದರೆ ಎಲ್ಲಾ ಸೇರಿ ಒಂದು ಕೆಜಿಯೂ ಇಲ್ಲ. ಅದರಲ್ಲಿ ಅರ್ಧ ಹುಲ್ಲು, ಮುಳ್ಳು, ಹಿಕ್ಕೆ.

ಅಲ್ಪಾಕದ ಉಣ್ಣೆಯಲ್ಲಿ ಜಿಡ್ಡು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುರಿಯದ್ದು ಹಾಗಲ್ಲ, ಕೈಗೆ ಅಂಟುತ್ತದೆ. ಅಂಟು ಬಿಡಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ, ಸೋಪಿನ ಪುಡಿ ಸುರಿದು, ಒಗೆಯುವ ಕಲ್ಲಿನ ಮೇಲೆ ಹಾಕಿ ಚೆನ್ನಾಗಿ ಉಜ್ಜಿದೆ. ಬೆಳಗ್ಗೆ ಎರಡು ಬುಟ್ಟಿ ತುಂಬ ಇದ್ದದ್ದು ಮಧ್ಯಾಹ್ನಕ್ಕೆ ಒಂದು ದಪ್ಪ ಅಕ್ಕಿರೊಟ್ಟಿಯಾಗಿ ಕೂತಿತ್ತು. ಎಳೆದರೆ ಬರಲ್ಲ, ಹರಿದರೆ ಹರಿಯಲ್ಲ. ತಂಗಿಯ ಮಗಳಿಗೆ ವಿಡಿಯೋ ಕಾಲ್ ಮಾಡಿದರೆ ಅವಳು ಐದು ನಿಮಿಷ ನಕ್ಕಳು. ಉಣ್ಣೆಯ ಎಳೆಗೆ ಸಣ್ಣ ಸಣ್ಣ ಹುರುಪೆ ಇರುತ್ತದಂತೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದಂತೆ. ಮೊದಲೇ ಹೇಳಬಾರದಾ ಮಾರಾಯ್ತಿ?

ಅಷ್ಟರಲ್ಲಿ ಆರಿದ್ರೆ ಮಳೆ ಹಿಡಿಯಿತು. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ನಮಗೇನು ದೂರವಲ್ಲ. ಆ ರೊಟ್ಟಿಯನ್ನು ಬಚ್ಚಲೊಲೆಯ ಮೇಲೆ ತೂಗುಹಾಕಿದೆ. ಇಡೀ ತಿಂಗಳು ಸ್ನಾನ ಮಾಡಿ ಬಂದವರೆಲ್ಲ ಒದ್ದೆ ಕುರಿಯ ವಾಸನೆ ಹೊಡೆಯುತ್ತಿದ್ದರು.

ಮಳೆ ಜೋರಾದ ಮೇಲೆ ಗಂಗೆ ಕುಂಟತೊಡಗಿತು. ಗೊರಸಿನ ಸಂದಿಯಲ್ಲಿ ಕೊಳೆತಿತ್ತು. ದನದ ಡಾಕ್ಟರು ನೋಡಿ, "ಇದು ಕಾಲು ಕೊಳೆಯೋ ರೋಗ. ಗೊರಸು ಸವರಿ, ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ಮೈಲುತುತ್ತ ಹಾಕಿ ಅದರಲ್ಲಿ ನಿಲ್ಲಿಸಿ" ಅಂದರು. ಅಲ್ಲೇ ಅಂಗಳದಲ್ಲಿ ಇವರು ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಲು ಅದೇ ಮೈಲುತುತ್ತ ಜಜ್ಜುತ್ತಾ ಕೂತಿದ್ದರು. ತಲೆ ಎತ್ತಿ ನನ್ನ ಮುಖ ನೋಡಿದರು. "ಅಡಿಕೆಗೂ ಕೊಳೆ, ಕುರಿಗೂ ಕೊಳೆ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರನ್ನೇ ಕರೆಸ್ಲಾ?" ಮೈಲುತುತ್ತದಲ್ಲಿರುವ ತಾಮ್ರ ಕುರಿಗೆ ವಿಷ, ಒಂದು ಗುಟುಕೂ ಕುಡಿಯಬಾರದು ಅಂತ ಡಾಕ್ಟರು ಹೆದರಿಸಿದ್ದರು. ಹಾಗಾಗಿ ಕಾಲುಚೀಲ ತಿಂದವರ ಬಾಯಿ ಕಾಯುವ ಕೆಲಸ ನನ್ನ ಪಾಲಿಗೆ. ಕಂಬಳಿಕೊಪ್ಪೆ ಹಾಕಿಕೊಂಡು, ಎರಡು ಕುರಿಯ ಗದ್ದ ಎತ್ತಿ ಹಿಡಿದು, ಮಳೆಯಲ್ಲಿ ನಿಲ್ಲುತ್ತಿದ್ದೆ.

ಮುಂದಿನ ಸುಗ್ಗಿಗೆ ಕುರಿಗಳನ್ನು ಅದೇ ಗದ್ದೆಗೆ ವಾಪಸ್ ಮುಟ್ಟಿಸಿದೆವು. ಕುರಿಯವನು ಗೊರಸು ನೋಡಿದ, ಏನೂ ಅನ್ನಲಿಲ್ಲ. ಕೊಟ್ಟಿದ್ದಕ್ಕಿಂತ ಕಮ್ಮಿ ದುಡ್ಡು ಎಣಿಸಿದ. ಜೀಪಿನ ಸೀಟಿಗೆ ಹಾಸಿದ್ದ ನನ್ನ ರೊಟ್ಟಿಯನ್ನು ಮಾತ್ರ ತುಂಬಾ ಹೊತ್ತು ತಿರುವಿ ತಿರುವಿ ನೋಡಿದ. ನೀರು ಚಿಮುಕಿಸಿದ, ಇಳಿಯಲಿಲ್ಲ.

"ನಮ್ಮವರು ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಒಂದು ಕಂಬ್ಳಿ ಮಾಡೋಷ್ಟೊತ್ಗೆ ಸಾಕೋಸಾಕಾಗುತ್ತೆ ಅಮ್ಮಾರೇ. ನೀವು ಯಾವ ಮಗ್ಗದಾಗೆ ಮಾಡಿದ್ರಿ?"

"ಹಂಡೆಲಿ" ಅಂದೆ.

ಕೊಡ್ತೀರಾ ಅಂತ ಕೇಳಿದ. ಕೊಡಲಿಲ್ಲ. ಈಗಲೂ ಅದು ಜೀಪಿನ ಸೀಟಿನ ಮೇಲೇ ಇದೆ. ಅಲ್ಪಾಕದ ಉಂಡೆ ಬೀರುವಿನಲ್ಲಿದೆ. ಅತ್ತೆ ಅದಕ್ಕೆ ಎರಡು ನುಸಿಗುಳಿಗೆ ಹಾಕಿ, ಬೀರುವಿನ ಕೀಲಿಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ.